ಸಿಡುಬಿನ ಎದುರು ದೊಡ್ಡ ಸ್ವಾಮಿಯವರು

ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಹಳೆಯ ದೇವಾಲಯವನ್ನು ಜನರು ಇಂದಿಗೂ ಅಬ್ಬೆ ದ್ಯುಬುವಾ ದೇವಾಲಯವೆಂದು ಕರೆಯುತ್ತಾರೆ. ಹಿಂದೂಗಳ ಆಚಾರ, ಸಂಪ್ರದಾಯ, ಸಮಾರಂಭಗಳನ್ನು ಕುರಿತ ಬೃಹದ್ಗ್ರಂಥದ ಕರ್ತೃವೆಂದು ಆ ಗುರುಗಳ ಹೆಸರು ವಿದ್ವಾಂಸರಿಗೆಲ್ಲ ಪರಿಚಿತ. ಮೈಸೂರು ಸೀಮೆಯ ಹಿಂದಿನ ಕಥೋಲಿಕ ಕುಟುಂಬಗಳಿಗೆ ಅವರು ದೊಡ್ಡ ಸ್ವಾಮಿಯವರು. ಗ್ರಂಥದ ಕೀರ್ತಿಯ ಮರೆಯಲ್ಲಿ ಉಳಿದುಹೋದ ಅವರ ಇನ್ನೊಂದು ಸೇವೆಯಿದೆ. ಸಿಡುಬಿನ ದಾಕು ಈ ಸೀಮೆಯಲ್ಲಿ ಬೇರೂರಲು ಕಾರಣರಾದವರಲ್ಲಿ ಅವರು ಮೊದಲಿಗರು. ಈ ವಾರ ಅದನ್ನೇ ಮುಖ್ಯವಾಗಿ ಸ್ಮರಿಸಿಕೊಳ್ಳೋಣ.

ಖಾದಿಗೆ ಹೆಸರಾದ ತಗಡೂರಿಗೆ ಹೋದರೂ ಸರಿ, ನಂಜನಗೂಡು ಅಥವಾ ತಿ. ನರಸೀಪುರ ತಾಲ್ಲೂಕಿನ ಬೇರಾವ ಹಳ್ಳಿಗೆ ಹೋದರೂ ಸರಿ, ಅರವತ್ತು ದಾಟಿದ ಹಿರಿಯರ ತೋಳಿನ ಮೇಲೆ ನಾಣ್ಯದಗಲದ, ಒಳಗೆ ಸಣ್ಣ ಸಣ್ಣ ಗುಳಿಗಳಿರುವ ಕಲೆಯನ್ನು ಕಾಣಬಹುದು. ಅದೇ ದಾಕಿನ ಗುರುತು. ಮಕ್ಕಳು ಮೊಮ್ಮಕ್ಕಳ ತೋಳಿನಲ್ಲಿರುವುದು ಕ್ಷಯರೋಗದ ವಿರುದ್ಧ ಹಾಕುವ ಬಿ.ಸಿ.ಜಿ. ಚುಚ್ಚುಮದ್ದಿನ ಕಲೆ, ಅದು ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕದು. 1970ರ ದಶಕದ ನಂತರ ಹುಟ್ಟಿದವರಿಗೆ ದಾಕಿನ ಅಗತ್ಯವೇ ಬೀಳಲಿಲ್ಲ. ಭಾರತದಲ್ಲಿ ಸಿಡುಬಿನ ಕಡೆಯ ಪ್ರಕರಣ ವರದಿಯಾದದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು. ಮೈಸೂರು ಸೀಮೆಯಲ್ಲಿ ಆ ದಾರಿ ಆರಂಭವಾದದ್ದು ಇನ್ನೂರು ವರ್ಷಗಳಿಗೂ ಹಿಂದೆ.

ಜಾನ್ ಆಂತ್ವಾನ್ ದ್ಯುಬುವಾ ಅವರು ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. 1792ರಲ್ಲಿ ಗುರುಪಟ್ಟ ಪಡೆದರು. ಫ್ರಾನ್ಸಿನಲ್ಲಿ ಕ್ರಾಂತಿಯ ಜ್ವಾಲೆ ಭುಗಿಲೆದ್ದು ಧರ್ಮಸಭೆಯ ಗುರುಗಳಿಗೆ ನಿಲ್ಲಲು ನೆಲೆಯಿಲ್ಲದಂತಾಗಿದ್ದ ಕಾಲವದು. ಅದೇ ವರ್ಷ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುವಾಗಿ ಅವರು ಭಾರತಕ್ಕೆ ಹಡಗು ಹತ್ತಿದರು. ಮುಂದೆ ಮೂವತ್ತೊಂದು ವರ್ಷ ಕಾಲ ಅವರು ತಾಯ್ನಾಡನ್ನು ಕಾಣಲಿಲ್ಲ. ಪುದುಚೇರಿಯ ಮಿಷನ್ನಿಗೆ ಸೇರಿ ಕೆಲವು ವರ್ಷ ತಮಿಳು ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಈ ನಾಡಿನವರಂತೆಯೇ ಉಟ್ಟು, ಈ ನಾಡಿನವರಂತೆಯೇ ಉಂಡು, ಜನರ ಮನೆಬಾಗಿಲಿಗೆ ನಡೆದುಹೋಗುವುದು ಅವರ ರೀತಿಯಾಗಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದನು. ಆ ಊರಿನಲ್ಲಿ ಆಗ ಚದುರಿಹೋದ ಕ್ರೈಸ್ತ ಸಮುದಾಯವೊಂದಿತ್ತು. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಹಿಡಿದು ತಂದವರಲ್ಲಿ ಅಳಿದುಳಿದವರು, ಬಲವಂತದಿಂದ ಮತಾಂತರಗೊಂಡವರು, ಗುರುಗಳಿಲ್ಲದೆ ವರ್ಷಗಟ್ಟಲೆ ಸಂಸ್ಕಾರಗಳನ್ನೇ ಕಾಣದವರು ಎಲ್ಲರೂ ಅದರಲ್ಲಿ ಸೇರಿದ್ದರು. ಅವರ ಆಹ್ವಾನದ ಮೇರೆಗೆ ಬಂದ ದ್ಯುಬುವಾ ಸ್ವಾಮಿಯವರು ಸುಮಾರು 1,800 ಮಂದಿಯನ್ನು ಮರಳಿ ವಿಶ್ವಾಸಕ್ಕೆ ತಂದರೆಂದು ಚರಿತ್ರಕಾರರು ಬರೆಯುತ್ತಾರೆ. ಗಂಜಾಮಿನ ದೇವಾಲಯ ಆ ದಿನಗಳ ಫಲ. ಹಾಸನದ ಬಳಿಯ ಸಾತಳ್ಳಿಯಲ್ಲಿ ಭೂಮಿಯಿಲ್ಲದ ಕುಟುಂಬಗಳಿಗಾಗಿ ಬೇಸಾಯದ ನೆಲೆಯೊಂದನ್ನೂ ಅವರು ಕಟ್ಟಿಕೊಟ್ಟರು.

ಯುದ್ಧ ಮುಗಿದಿತ್ತು, ಸಿಡುಬು ಮುಗಿದಿರಲಿಲ್ಲ. ಇಂದಿನ ತಂದೆತಾಯಿಗಳು ಈ ರೋಗವನ್ನು ಕಂಡಿಲ್ಲವಾದ್ದರಿಂದ ಎರಡು ಮಾತು ಹೇಳಲೇಬೇಕು. ಮೊದಲು ಎರಡು ಮೂರು ದಿನ ಮೈ ಸುಡುವ ಜ್ವರ, ತಡೆಯಲಾರದ ಬೆನ್ನುನೋವು. ಅನಂತರ ಮುಖದಲ್ಲಿ, ಕೈಕಾಲುಗಳಲ್ಲಿ, ಅಂಗೈ ಅಂಗಾಲುಗಳಲ್ಲಿಯೂ ಗುಳ್ಳೆಗಳು. ವೈದ್ಯರು ಅದನ್ನು ಸೀತಾಳೆಸಿಡುಬಿನಿಂದ ಬೇರ್ಪಡಿಸುತ್ತಿದ್ದುದು ಕಣ್ಣಳತೆಯಿಂದಲೇ. ಸೀತಾಳೆಸಿಡುಬಿನ ಗುಳ್ಳೆಗಳು ಎದೆ ಬೆನ್ನುಗಳಲ್ಲಿ ಹೆಚ್ಚು, ಒಂದು ಹಸಿಯಾಗಿದ್ದರೆ ಪಕ್ಕದ್ದು ಒಣಗಿರುತ್ತದೆ. ಸಿಡುಬಿನವು ಮುಖ ಮತ್ತು ಕೈಕಾಲುಗಳಲ್ಲಿ ಹೆಚ್ಚು, ಒಂದು ಭಾಗದಲ್ಲಿರುವ ಗುಳ್ಳೆಗಳೆಲ್ಲ ಒಂದೇ ಹದದಲ್ಲಿರುತ್ತವೆ. ಉಗ್ರಸ್ವರೂಪದ ಸಿಡುಬು ತಗುಲಿದ ನೂರು ಮಂದಿಯಲ್ಲಿ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದರು. ಬದುಕಿದವರಲ್ಲಿ ಕೆಲವರ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿ ದೃಷ್ಟಿ ಹೋಗುತ್ತಿತ್ತು. ಕೆಲವು ಮಕ್ಕಳಿಗೆ ಮೊಣಕೈ ಕೀಲು ಹಿಡಿದು ಕೈ ಸೊಟ್ಟಗಾಗುತ್ತಿತ್ತು.

ಎಲ್ಲಕ್ಕಿಂತ ಭೀಕರವಾದದ್ದು ವಿರಳವಾದ ರಕ್ತಸಿಡುಬು. ಗುಳ್ಳೆಗಳು ಏಳುವ ಮೊದಲೇ ಚರ್ಮದಡಿಯಲ್ಲಿ, ಕಣ್ಣಿನಲ್ಲಿ, ಒಸಡಿನಲ್ಲಿ ರಕ್ತ ಸೋರಿ ರೋಗಿ ಕೆಲವೇ ದಿನಗಳಲ್ಲಿ ಸಾಯುತ್ತಿದ್ದ. ಇದು ಸಿಡುಬೆಂದು ಗುರುತಿಸಲು ನುರಿತ ವೈದ್ಯರಿಗೂ ಆಗುತ್ತಿರಲಿಲ್ಲ. ಗರ್ಭಿಣಿಯರಿಗೆ ಈ ಬಗೆ ಹೆಚ್ಚಾಗಿ ಬರುತ್ತದೆಂಬುದನ್ನು 1960ರ ದಶಕದಲ್ಲಿ ಮದರಾಸಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಡಾ. ಎ. ಆರ್. ರಾವ್ ಮತ್ತು ಸಂಗಡಿಗರು ನೂರಾರು ರೋಗಿಗಳನ್ನು ಪರೀಕ್ಷಿಸಿ ತೋರಿಸಿಕೊಟ್ಟರು. ದ್ಯುಬುವಾ ಅವರ ಕಾಲದಲ್ಲಿ ಇಂಥ ತಾಯಂದಿರ ಸಾವಿಗೆ ಹೆಸರೂ ಇರಲಿಲ್ಲ.

ತಡೆಗಟ್ಟುವ ಉಪಾಯವೇ ಇರಲಿಲ್ಲವೆಂದಲ್ಲ. ಸಿಡುಬಿನ ರೋಗಿಯ ಗುಳ್ಳೆಯಿಂದಲೇ ಕೀವು ತೆಗೆದು ಆರೋಗ್ಯವಂತನ ಚರ್ಮಕ್ಕೆ ಚುಚ್ಚುವ ಹಳೆಯ ಕ್ರಮ ಭಾರತದ ಹಲವು ಕಡೆ ಬಳಕೆಯಲ್ಲಿತ್ತು. ಹಾಗೆ ಚುಚ್ಚಿಸಿಕೊಂಡವರಲ್ಲಿ ಬಹುಮಂದಿಗೆ ರೋಗ ಸೌಮ್ಯವಾಗಿ ಬಂದು ಹೋಗುತ್ತಿತ್ತು. ಆದರೆ ನೂರರಲ್ಲಿ ಒಬ್ಬಿಬ್ಬರು ಸಾಯುತ್ತಿದ್ದರು, ಮೇಲಾಗಿ ಅವರಿಂದ ಊರಿಗೇ ನಿಜವಾದ ಸಿಡುಬು ಹರಡುವ ಅಪಾಯವಿತ್ತು. 1796ರ ಮೇ 14ರಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಎಂಟು ವರ್ಷದ ಬಾಲಕನೊಬ್ಬನಿಗೆ ಗೋವಿನ ಸಿಡುಬಿನ ರಸವನ್ನು ಚುಚ್ಚಿ, ಅದರಿಂದ ಮನುಷ್ಯರ ಸಿಡುಬು ತಡೆಯುತ್ತದೆಂದು ಮುಂದೆ ಸಾಧಿಸಿದನು. ಗೋಸಿಡುಬು ಚುಚ್ಚಿದ ಜಾಗದಲ್ಲಷ್ಟೇ ಏಳುತ್ತದೆ, ಗಾಳಿಯಲ್ಲಿ ಹರಡುವುದಿಲ್ಲ.

ಆ ರಸವನ್ನು ಬಿಸಿಲುನಾಡಿಗೆ ತರುವುದು ಸುಲಭವಾಗಿರಲಿಲ್ಲ. ಗಾಜಿನ ನಡುವೆ ಒಣಗಿಸಿ ಹಡಗಿನಲ್ಲಿ ಕಳುಹಿಸಿದ ರಸ ದಾರಿಯಲ್ಲಿಯೇ ಸತ್ತುಹೋಗುತ್ತಿತ್ತು. ಕಡೆಗೆ ವಿಯೆನ್ನಾದಿಂದ ಬಾಗ್ದಾದ್, ಬಸ್ರಾ ಮಾರ್ಗವಾಗಿ ಅದು ಮುಂಬಯಿಗೆ ಮುಟ್ಟಿತು. 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಕಿಯ ತೋಳಿನಲ್ಲಿ ಭಾರತದ ಮೊದಲ ದಾಕು ಎದ್ದಿತು. ಆ ಮಗುವಿನ ಗುಳ್ಳೆಯಿಂದ ಮುಂದಿನ ಮಕ್ಕಳಿಗೆ, ಅವರಿಂದ ಮತ್ತಷ್ಟು ಮಕ್ಕಳಿಗೆ, ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ರಸವು ದಕ್ಷಿಣಕ್ಕೆ ಬಂದಿತು. ದೀಪದಿಂದ ದೀಪ ಹಚ್ಚಿದಂತೆ ಈ ಸರಪಳಿ. ಒಂದು ಕೊಂಡಿ ಕಳಚಿದರೆ ಇಡೀ ಸೀಮೆಗೆ ಕತ್ತಲೆ. ಹೊಸ ರಸಕ್ಕಾಗಿ ಮತ್ತೆ ದೂರದೂರಿಗೆ ಬರೆದು ಕಾಯಬೇಕು.

ಮೈಸೂರಿನಲ್ಲಿ ಆಗ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದರು. ಬ್ರಿಟಿಷ್ ರೆಸಿಡೆಂಟರು ಬೆಂಬಲಕ್ಕಿದ್ದರು. 1805ರ ಸುಮಾರಿಗೆ ಚಿತ್ರಕಾರ ಥಾಮಸ್ ಹಿಕಿ ಬರೆದ ಮೈಸೂರು ರಾಜಮನೆತನದ ಮೂವರು ಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಕಿರಿಯ ರಾಣಿಯು ಸೀರೆಯ ಸೆರಗನ್ನು ಸರಿಸಿ ದಾಕು ಹಾಕಿಸಿಕೊಂಡ ತೋಳನ್ನು ಪ್ರಜೆಗಳಿಗೆ ತೋರುತ್ತಿದ್ದಾಳೆಂದು ಇತ್ತೀಚೆಗೆ ಇತಿಹಾಸಕಾರರೊಬ್ಬರು ವಿವರಿಸಿದ್ದಾರೆ. ಆ ವ್ಯಾಖ್ಯಾನ ಎಲ್ಲರಿಗೂ ಒಪ್ಪಿತವಾಗದಿದ್ದರೂ ಅರಮನೆಯ ಮಾತಿಗೆ ಬೆಲೆಯಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅರಮನೆಯ ಮಾತು ಗುಡಿಸಲಿನ ಬಾಗಿಲಿಗೆ ತಲುಪಬೇಕಾದರೆ ಅಲ್ಲಿಗೆ ದಿನವೂ ಹೋಗಿಬರುವ ಮನುಷ್ಯನೊಬ್ಬನು ಬೇಕು. ದ್ಯುಬುವಾ ಸ್ವಾಮಿಯವರು ಅಂಥವರು.

ವಿರೋಧ ಪ್ರಬಲವಾಗಿತ್ತು. ಸಿಡುಬು ಬರುವುದೆಂದರೆ ಅಮ್ಮ ಬಂದಂತೆ, ಆಕೆಯನ್ನು ತಡೆಯುವುದು ಅಪಚಾರವೆಂಬ ನಂಬಿಕೆ ಆಳವಾಗಿತ್ತು. ಕ್ರೈಸ್ತ ಮನೆಗಳಲ್ಲಿ ಅಮ್ಮನ ಹೆಸರು ಹೇಳದಿದ್ದರೂ ದೇವರು ಕೊಟ್ಟದ್ದನ್ನು ಮನುಷ್ಯ ಏಕೆ ತಡೆಯಬೇಕೆಂಬ ಅಳುಕು ಇಲ್ಲದಿರಲಿಲ್ಲವೆಂದು ಊಹಿಸಬಹುದು. ಬೇರೆ ಜಾತಿಯ ಮಗುವಿನ ತೋಳಿನ ರಸ ನಮ್ಮ ಮಗುವಿನ ಮೈ ಸೇರಬಾರದೆಂಬ ಹಟ ದೇಶದುದ್ದಕ್ಕೂ ದಾಕು ಹಾಕುವವರಿಗೆ ಎದುರಾದ ತೊಡಕು. ಇವಕ್ಕಿಂತಲೂ ಕಷ್ಟದ್ದು ಎಂಟನೆಯ ದಿನ. ಅದನ್ನು ತುಸು ವಿವರಿಸುತ್ತೇನೆ, ಏಕೆಂದರೆ ಆ ಕೆಲಸದ ಜೀವ ಇದ್ದುದು ಅಲ್ಲಿ.

ದಾಕು ಹಾಕಿದ ಮೂರು ನಾಲ್ಕನೆಯ ದಿನ ಚುಚ್ಚಿದ ಜಾಗದಲ್ಲಿ ಕೆಂಪು ಬೊಕ್ಕೆ ಏಳುತ್ತದೆ. ಐದಾರನೆಯ ದಿನ ಅದು ನೀರ್ಗುಳ್ಳೆಯಾಗುತ್ತದೆ. ಎಂಟನೆಯ ದಿನ ನಡುವೆ ತಗ್ಗಿದ್ದು ಅಂಚು ಉಬ್ಬಿ ಮುತ್ತಿನ ಬಣ್ಣ ತಾಳುತ್ತದೆ. ಅದರ ಸುತ್ತ ಕೆಂಪು ವರ್ತುಲವೊಂದು ಹರಡಿ ಒಂಬತ್ತು ಹತ್ತನೆಯ ದಿನಕ್ಕೆ ದೊಡ್ಡದಾಗುತ್ತದೆ. ಆಮೇಲೆ ಗುಳ್ಳೆ ಒಣಗಿ ಮೂರನೆಯ ವಾರದಲ್ಲಿ ಹಕ್ಕಳೆ ಉದುರಿ ಗುಳಿಗಲೆ ಉಳಿಯುತ್ತದೆ. ಇದು ನಿಜವಾದ ದಾಕು. ಎರಡನೆಯ ದಿನವೇ ಕೀವುಗೂಡಿ, ವರ್ತುಲ ಸರಿಯಾಗಿ ಮೂಡದೆ, ಬೇಗನೆ ಒಡೆದು ಒಣಗಿದರೆ ಅದು ಸುಳ್ಳು ದಾಕು. ಅಂಥ ಮಗುವಿಗೆ ರಕ್ಷಣೆಯಿಲ್ಲ. ಸೂಕ್ಷ್ಮದರ್ಶಕದಲ್ಲಿ ವೈರಾಣುವನ್ನು ಕಾಣಲಾಗದ ಕಾಲದಲ್ಲಿ ಈ ಭೇದವನ್ನು ತಿಳಿಯಲು ಕಣ್ಣೊಂದೇ ಸಾಧನ. 1802ರಲ್ಲಿ ಎಡಿನ್‌ಬರೋದ ಜೇಮ್ಸ್ ಬ್ರೈಸ್ ಎಂಬ ಶಸ್ತ್ರವೈದ್ಯನು ಇನ್ನೊಂದು ಪರೀಕ್ಷೆ ಹೇಳಿಕೊಟ್ಟನು. ಐದಾರನೆಯ ದಿನ ಇನ್ನೊಂದು ತೋಳಿಗೂ ಚುಚ್ಚಬೇಕು. ಮೊದಲಿನದು ನಿಜವಾಗಿದ್ದರೆ ಎರಡನೆಯದು ಬಿರುಸಾಗಿ ಬೆಳೆದು ಮೊದಲಿನದರ ಜೊತೆಗೇ ಹಣ್ಣಾಗುತ್ತದೆ.

ಹೀಗಾಗಿ ಮಗುವಿಗೆ ಒಮ್ಮೆ ಚುಚ್ಚಿ ಹೋದರೆ ಕೆಲಸ ಮುಗಿಯುತ್ತಿರಲಿಲ್ಲ. ಎಂಟನೆಯ ದಿನ ಅದೇ ಮನೆಗೆ ಮರಳಿ ಹೋಗಿ ತೋಳು ನೋಡಬೇಕು, ಎದ್ದಿದ್ದರೆ ಪುಸ್ತಕದಲ್ಲಿ ಬರೆಯಬೇಕು, ಅದರಿಂದಲೇ ರಸ ತೆಗೆದು ಬೇರೆ ಮಕ್ಕಳಿಗೆ ಚುಚ್ಚಬೇಕು. ತಾಯಂದಿರು ಬೆದರುತ್ತಿದ್ದುದು ಇಲ್ಲಿಯೇ. ಜ್ವರದಿಂದ ನರಳುವ ತನ್ನ ಮಗುವಿನ ಹುಣ್ಣನ್ನು ಪರರ ಮಕ್ಕಳಿಗಾಗಿ ಕೆದಕಲು ಯಾವ ತಾಯಿ ತೋಳು ಚಾಚುತ್ತಾಳೆ? ಆ ದಿನ ಮಗುವನ್ನು ಬಚ್ಚಿಟ್ಟುಬಿಟ್ಟರೆ ಸರಪಳಿ ಅಲ್ಲಿಗೆ ತುಂಡಾಗುತ್ತಿತ್ತು. ಸರ್ಕಾರದ ಜವಾನನಿಗೆ ಹೆದರಿ ಮೊದಲ ಸಲ ತೋಳು ಕೊಟ್ಟವರೂ ಎರಡನೆಯ ಸಲಕ್ಕೆ ಕೊಡುತ್ತಿರಲಿಲ್ಲ.

ಇಂಥ ಸ್ಥಿತಿಯಲ್ಲಿ 1803-04ರ ಎಂಟು ತಿಂಗಳ ಅವಧಿಯಲ್ಲಿ 25,432 ಮಂದಿಗೆ ದಾಕು ಹಾಕಿ ದಾಖಲಿಸಲಾಯಿತೆಂದು ದ್ಯುಬುವಾ ಅವರ ಚರಿತ್ರೆಗಳು ಹೇಳುತ್ತವೆ. ಪೆಟ್ರೋಲ್ ಗಾಡಿಯಾಗಲಿ ಮಂಜುಗಡ್ಡೆಯ ಪೆಟ್ಟಿಗೆಯಾಗಲಿ ಇಲ್ಲದ ಕಾಲದ ಲೆಕ್ಕವಿದು. ಸರಾಸರಿ ತೆಗೆದರೆ ದಿನಕ್ಕೆ ನೂರಕ್ಕೂ ಹೆಚ್ಚು ತೋಳು. ಅಷ್ಟನ್ನೂ ಸ್ವಾಮಿಯವರೇ ತಮ್ಮ ಕೈಯಾರೆ ಚುಚ್ಚಿರಲಾರರು. ದಾಕು ಹಾಕುವವರನ್ನು ಹಳ್ಳಿಗೆ ಕರೆತಂದು ಕೂಡಿಸಿ, ಜನರ ಭಯ ಬಿಡಿಸಿ, ಅವರ ವಿಶ್ವಾಸವನ್ನು ಒತ್ತೆಯಿಟ್ಟು ನಿಂತದ್ದು ಅವರ ಪಾಲಿನ ಕೆಲಸವೆಂದು ನನ್ನ ಭಾವನೆ. ಒತ್ತೆಯೆಂದದ್ದು ಸುಮ್ಮನೆ ಅಲ್ಲ. ದಾಕು ಹಾಕಿದ ಮಗುವೊಂದು ಸತ್ತಿದ್ದರೆ, ಅದು ಬೇರೆ ರೋಗದಿಂದಲೇ ಸತ್ತಿದ್ದರೂ, ಆ ಮನೆಯವರು ಮುಂದೆ ಅವರ ಪೂಜೆಗೆ ಬರುತ್ತಿರಲಿಲ್ಲ. ಆಗತಾನೆ ಒಂದುಗೂಡಿದ್ದ ಮಂದೆ ಮತ್ತೆ ಚದುರಬಹುದಾಗಿತ್ತು.

ಆ ಭಯ ಪೂರ್ತಿ ಸುಳ್ಳಾಗಿರಲೂ ಇಲ್ಲ. ತೋಳಿನಿಂದ ತೋಳಿಗೆ ರಸ ದಾಟಿಸುವಾಗ ಒಂದು ಮಗುವಿನ ಮೇಹರೋಗವೋ ಚರ್ಮದ ಕೀವುರೋಗವೋ ಇನ್ನೊಂದಕ್ಕೆ ಅಂಟುವುದುಂಟೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಲ್ಲಿಯೇ ಸಾಬೀತಾಯಿತು. ಆಮೇಲೆ ಕರುವಿನ ಮೈಯಲ್ಲಿ ರಸ ಬೆಳೆಸುವ ಕ್ರಮ ಬಂದು ಆ ಅಪಾಯ ತಪ್ಪಿತು. ದಾಕಿನಿಂದಲೇ ಹುಟ್ಟುವ ವಿರಳ ತೊಡಕುಗಳನ್ನು ವೈದ್ಯರು ಬಿಡಿಸಿ ಹೆಸರಿಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೊದಲ ಸಲ ದಾಕು ಹಾಕಿಸಿಕೊಂಡ ಹತ್ತು ಲಕ್ಷ ಮಂದಿಯಲ್ಲಿ ಒಬ್ಬಿಬ್ಬರು ಅದರಿಂದ ಸಾಯುತ್ತಿದ್ದರೆಂದು 1960ರ ದಶಕದ ಅಮೆರಿಕದ ಸಮೀಕ್ಷೆಗಳು ಲೆಕ್ಕ ಹಾಕಿದವು.

ಅವುಗಳಲ್ಲಿ ಮೂರನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಇಸಬು ಇರುವ ಮಗುವಿಗೆ ದಾಕು ಹಾಕಿದರೆ, ಅಥವಾ ದಾಕು ಹಾಕಿಸಿಕೊಂಡ ಅಣ್ಣನ ಮಗ್ಗುಲಲ್ಲಿ ಅಂಥ ಮಗು ಮಲಗಿದರೆ, ಗುಳ್ಳೆಗಳು ಆ ಇಸಬಿನ ಮೇಲೆಲ್ಲ ಹರಡಿಕೊಳ್ಳುತ್ತಿದ್ದವು. ಮನೆಯಲ್ಲಿ ಯಾರಿಗೆ ದಾಕು ಹಾಕಿದ್ದಾರೆಂದು ಕೇಳದೆ ಹೋದರೆ ವೈದ್ಯನಿಗೆ ಇದರ ಮೂಲವೇ ಹೊಳೆಯುತ್ತಿರಲಿಲ್ಲ. ದಾಕು ಹಾಕಿಸಿಕೊಂಡವರ ರಕ್ತದಿಂದ ತೆಗೆದ ಪ್ರತಿಕಾಯಗಳ ಸೂಜಿಮದ್ದು ಬಂದ ಮೇಲೆ ಈ ತೊಡಕಿನ ಸಾವುಗಳು ಬಹಳ ತಗ್ಗಿದವು. ಎರಡನೆಯದು ಮೆದುಳಿನ ಉರಿಯೂತ. ದಾಕಿನ ಎರಡನೆಯ ವಾರದಲ್ಲಿ ಜ್ವರ, ತಲೆನೋವು, ಮಂಪರು, ಸೆಳೆತ. ಇದನ್ನು ನಿಶ್ಚಯಿಸುವ ಪರೀಕ್ಷೆಯಿರಲಿಲ್ಲ. ಬೆನ್ನುಹುರಿಯ ನೀರು ತೆಗೆದು ನೋಡಿ, ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಕಡೆಗೆ ಈ ತೀರ್ಮಾನಕ್ಕೆ ಬರಬೇಕಾಗಿತ್ತು. ಮೇಲೆ ಹೇಳಿದ ಸೂಜಿಮದ್ದು ಇದಕ್ಕೆ ನಾಟುತ್ತಿರಲಿಲ್ಲ. ಸೆಳೆತ ತಡೆದು ಉಸಿರು ಕಾಯುವ ಆರೈಕೆಯೇ ಚಿಕಿತ್ಸೆ. ಸುಮಾರು ನಾಲ್ವರಲ್ಲಿ ಒಬ್ಬರು ಉಳಿಯುತ್ತಿರಲಿಲ್ಲ.

ಮೂರನೆಯದು ಅತಿ ವಿರಳ. ಹುಟ್ಟಿನಿಂದಲೋ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಇಲ್ಲದವರಲ್ಲಿ ದಾಕಿನ ಹುಣ್ಣು ಮಾಯದೆ ದಿನದಿನಕ್ಕೂ ಅಗಲವಾಗುತ್ತ ಮಾಂಸವನ್ನು ತಿನ್ನುತ್ತ ಹೋಗುತ್ತದೆ. ವೈದ್ಯರು ಇದನ್ನು ಗುರುತಿಸುವ ಬಗೆ ವಿಚಿತ್ರವಾದುದು. ಹುಣ್ಣು ದೊಡ್ಡದಾದರೂ ಸುತ್ತ ಕೆಂಪಿಲ್ಲ, ನೋವಿಲ್ಲ. ಎಂಟನೆಯ ದಿನ ಹಳೆಯ ಕಾಲದ ದಾಕಿನವರು ಹುಡುಕುತ್ತಿದ್ದ ಆ ಕೆಂಪು ವರ್ತುಲ ಶರೀರವು ಕಾದಾಟಕ್ಕೆ ಇಳಿದದ್ದರ ಚಿಹ್ನೆ. ಅದು ಮೂಡದಿದ್ದರೆ ಒಳಗೆ ಕಾದಾಡಲು ಸೈನ್ಯವೇ ಇಲ್ಲವೆಂದು ಅರ್ಥ. ಕಾರಣ ತಿಳಿಯದಿದ್ದರೂ ಅವರು ನೋಡುತ್ತಿದ್ದುದು ಸರಿಯಾದ ಗುರುತನ್ನೇ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. 2009ರಲ್ಲಿ ಅಮೆರಿಕದ ಯುವ ಸೈನಿಕನೊಬ್ಬನಿಗೆ ದಾಕು ಹಾಕಿದ ಮೇಲೆ ರಕ್ತದ ಕ್ಯಾನ್ಸರ್ ಪತ್ತೆಯಾಗಿ ಈ ತೊಡಕು ಬಂದಿತು. ಪ್ರತಿಕಾಯಗಳ ಸೂಜಿಮದ್ದು, ಜೊತೆಗೆ ವೈರಾಣುವನ್ನು ತಡೆಯುವ ಹೊಸ ಔಷಧಗಳನ್ನು ಕೊಟ್ಟು ತಿಂಗಳುಗಟ್ಟಲೆ ಆರೈಕೆ ಮಾಡಿ ಅವನನ್ನು ಉಳಿಸಿಕೊಂಡರು.

ದ್ಯುಬುವಾ ಅವರ ಕಾಲದ ಮೈಸೂರಿನಲ್ಲಿ ಇಂಥ ತೊಡಕು ಬಂದಿದ್ದರೆ ಮಾಡಲು ಏನೂ ಇರಲಿಲ್ಲ. ನೂರರಲ್ಲಿ ಮೂವತ್ತು ಮಂದಿಯನ್ನು ಒಯ್ಯುವ ರೋಗ ಒಂದು ಕಡೆ, ಲಕ್ಷಗಟ್ಟಲೆ ಜನರಲ್ಲಿ ಒಬ್ಬನಿಗೆ ಬರುವ ಕೇಡು ಇನ್ನೊಂದು ಕಡೆ. ಲೆಕ್ಕ ಹಾಕುವವನಿಗೆ ಇದು ಸುಲಭ. ಆ ಒಬ್ಬನು ತನ್ನ ಮಗುವೇ ಆದೀತೆಂದು ಹೆದರುವ ತಾಯಿಗೆ ಸುಲಭವಲ್ಲ. ಆಕೆಯ ಪಕ್ಕದಲ್ಲಿ ನಿಲ್ಲುವವರು ಲೆಕ್ಕವನ್ನೂ ತಿಳಿದಿರಬೇಕು, ಆಕೆಯನ್ನೂ ತಿಳಿದಿರಬೇಕು.

ಸ್ವಾಮಿಯವರ ಉಳಿದ ಬಾಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಅವರ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ವಿಲ್ಕ್ಸ್ ಅವರ ಶಿಫಾರಸಿನ ಮೇಲೆ ಈಸ್ಟ್ ಇಂಡಿಯಾ ಕಂಪನಿಯು 2,000 ವರಹಗಳಿಗೆ ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಅದರ ಬಹುಭಾಗ ಹಿಂದಿನ ಯೇಸುಸಭೆಯ ಗುರು ಕೇರ್ದೂ ಅವರ ಬರಹವನ್ನು ಆಧರಿಸಿದೆಯೆಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ತೋರಿಸಿದರು. ಈ ದೇಶದವರ ಪೂಜೆ ಪದ್ಧತಿಗಳನ್ನು ಕುರಿತು ಅದರಲ್ಲಿ ಬರುವ ಕಟುಮಾತುಗಳನ್ನು ಇಂದು ಒಪ್ಪಲಾಗುವುದಿಲ್ಲ. ದಾಕಿನ ದಾಖಲೆಗೆ ಇಂಥ ತಕರಾರುಗಳಿಲ್ಲ. ಗ್ರಂಥಕ್ಕಿಂತ ಅದೇ ಅವರ ಹಿರಿಯ ಕೃತಿಯೆಂದರೆ ವಿದ್ವಾಂಸರು ಮುನಿಸಿಕೊಳ್ಳಬಾರದು.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟು ಹೊರಟರು. ಪ್ರಯಾಣದ ವೆಚ್ಚವನ್ನು ಕಂಪನಿಯೇ ಭರಿಸಿ ವಿಶ್ರಾಂತಿವೇತನವನ್ನೂ ಗೊತ್ತುಮಾಡಿತು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲಿಷರ ನಡುವೆ ಬಾಳಿದ ಫ್ರೆಂಚ್ ಗುರುವೊಬ್ಬರಿಗೆ ಸಂದ ಗೌರವವಿದು. ಹೊರಟವರ ಮನಸ್ಸು ಮಾತ್ರ ಹಗುರವಾಗಿರಲಿಲ್ಲ. ಈ ದೇಶದಲ್ಲಿ ಕ್ರೈಸ್ತಧರ್ಮ ವ್ಯಾಪಕವಾಗಿ ಹಬ್ಬುವ ಆಶೆಯಿಲ್ಲವೆಂದು ಅದೇ ವರ್ಷ ಅವರು ಪ್ರಕಟಿಸಿದ ಪತ್ರಗಳು ಯುರೋಪಿನಲ್ಲಿ ದೊಡ್ಡ ವಾದವನ್ನೇ ಎಬ್ಬಿಸಿದವು. ಮೂವತ್ತೊಂದು ವರ್ಷ ದುಡಿದವರು ಹೀಗೆ ಬರೆದರಲ್ಲಾ ಎಂದು ನಮ್ಮವರಲ್ಲಿ ಕೆಲವರಿಗೆ ನೋವಿದೆ. 1803ರಲ್ಲಿ ತೋಳು ಚಾಚಿದವರಲ್ಲಿ ಬಹುಪಾಲು ಕ್ರೈಸ್ತರಲ್ಲದವರೇ ಇದ್ದಿರಬೇಕು, ಅವರು ಜ್ಞಾನಸ್ನಾನ ಪಡೆಯಲೆಂದು ಸ್ವಾಮಿಯವರು ಆ ಕೆಲಸಕ್ಕೆ ಇಳಿದಂತೆ ಕಾಣುವುದಿಲ್ಲ.

ಪ್ಯಾರಿಸ್ಸಿಗೆ ಮರಳಿದ ಮೇಲೆ ತಮ್ಮ ಸಂಸ್ಥೆಯ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿ ಸೇವೆ ಸಲ್ಲಿಸಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಪ್ರಕಟಿಸಿದರು. 1848ರ ಫೆಬ್ರವರಿ 17ರಂದು ಅಲ್ಲಿಯೇ ದೈವಾಧೀನರಾದರು. ಎರಡು ವರ್ಷಗಳ ಅನಂತರ, 1850ರಲ್ಲಿ, ಮೈಸೂರು ಸೀಮೆಯು ಪ್ರತ್ಯೇಕ ಪ್ರೇಷಿತ ವಿಕಾರಿಯೇಟ್ ಆಗಿ, ಅದೇ ಗುರುಮಠದಿಂದ ಬಂದ ಶಾರ್ಬೊನೊ ಅವರು ಅದರ ಧರ್ಮಾಧ್ಯಕ್ಷರಾದರು.